ಕಾರ್ಟ್‌ನ ಪಲ್ಸ್ ಪಂಪ್: ಮೋಟಾರಿಲ್ಲದೆ ಪೆಟ್ರೋಲ್ ಮೇಲೇರುವ ಬಗೆ

ಕಾರವಾರದಲ್ಲಿ ಗೆಳೆಯರು ಸೇರಿ ಕಾರ್ಟ್ (ಪುಟ್ಟ ರೇಸ್ ಗಾಡಿ) ಕಟ್ಟುತ್ತಿದ್ದೇವೆ. ಎಂಜಿನ್ ಹೋಂಡಾ ಜಿಎಕ್ಸ್200, ನಾಲ್ಕು ಸ್ಟ್ರೋಕ್, 196 ಸಿಸಿ. ತೋಟದ ಪಂಪ್‌ಸೆಟ್‌ನಲ್ಲಿ ಇದೇ ಎಂಜಿನ್ ಇದ್ದಾಗ ಟ್ಯಾಂಕ್ ಮೇಲೇ ಇರುತ್ತದೆ, ಪೆಟ್ರೋಲ್ ತಾನಾಗಿ ಇಳಿಯುತ್ತದೆ. ನಮ್ಮ ಕಾರ್ಟ್‌ನಲ್ಲಿ ಟ್ಯಾಂಕ್ ಸ್ಟೀರಿಂಗ್ ಕೆಳಗಿದೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಅದಕ್ಕಿಂತ ಎತ್ತರದಲ್ಲಿದೆ. ಹಾಗಾಗಿ ಪಂಪ್ ಬೇಕೇ ಬೇಕು.

ಪಂಪಿಗೆ ಮೂರು ನಿಪ್ಪಲ್. ಒಂದಕ್ಕೆ ಟ್ಯಾಂಕಿನ ಪೈಪ್ (ನಡುವೆ ಫಿಲ್ಟರ್), ಇನ್ನೊಂದಕ್ಕೆ ಕಾರ್ಬ್ಯುರೇಟರಿನ ಪೈಪ್. ಇವೆರಡು ಸುಲಭ. ತಲೆ ಕೆಡಿಸುವುದು ಮೂರನೆಯದು, ಪಲ್ಸ್ ನಿಪ್ಪಲ್.

ಈ ಪೈಪಿನಲ್ಲಿ ಪೆಟ್ರೋಲ್ ಇರುವುದೇ ಇಲ್ಲ, ಬರೀ ಗಾಳಿ. ಇದರ ಇನ್ನೊಂದು ತುದಿ ಕ್ರ್ಯಾಂಕ್‌ಕೇಸ್‌ಗೆ, ಅಂದರೆ ಪಿಸ್ಟನ್ ಕೆಳಗಿನ ಮುಚ್ಚಿದ ಪೆಟ್ಟಿಗೆಗೆ. ಪಿಸ್ಟನ್ ಮೇಲೆ ಹೋದಾಗ ಕ್ರ್ಯಾಂಕ್‌ಕೇಸ್ ಒತ್ತಡ ಇಳಿಯುತ್ತದೆ, ಪಂಪಿನೊಳಗಿನ ಡಯಾಫ್ರಾಮ್ (ತೆಳು ಪೊರೆ) ಆ ಕಡೆ ಎಳೆದುಕೊಳ್ಳುತ್ತದೆ. ಆಗ ಒಳಬರುವ ವಾಲ್ವ್ ತೆರೆದು ಟ್ಯಾಂಕಿನ ಪೆಟ್ರೋಲ್ ಒಳಗೆ ಬರುತ್ತದೆ. ಪಿಸ್ಟನ್ ಕೆಳಗಿಳಿದಾಗ ಡಯಾಫ್ರಾಮ್ ವಾಪಸ್ ತಳ್ಳುತ್ತದೆ, ಆ ವಾಲ್ವ್ ಮುಚ್ಚಿ ಹೊರಹೋಗುವ ವಾಲ್ವ್ ತೆರೆಯುತ್ತದೆ. 3600 ಆರ್‌ಪಿಎಂನಲ್ಲಿ ಇದು ಸೆಕೆಂಡಿಗೆ 60 ಸಲ! ಬೈತಖೋಲ್ ಬಂದರಿನ ದೋಣಿಗಳ ಎಷ್ಟೋ ಔಟ್‌ಬೋರ್ಡ್ ಎಂಜಿನ್‌ಗಳಲ್ಲೂ (ದೋಣಿಯ ಹಿಂದೆ ಹೊರಗೆ ಸಿಕ್ಕಿಸುವ ಎಂಜಿನ್) ಇಂಥದೇ ಪಂಪ್ ಇರುತ್ತದೆ. ಅಲ್ಲಿನ ಮೆಕ್ಯಾನಿಕ್ ಒಬ್ಬರು ಬಿಚ್ಚಿ ತೋರಿಸಿದರೆ ಅರ್ಧ ಪಾಠ ಮುಗಿದಂತೆ.

ಈಗ ಪೈಪಿನ ವಿಷಯ. ಎಂಜಿನ್ ಕೊಡುವ ಒತ್ತಡದ ಏಟು (ಅದೇ ಪಲ್ಸ್) ತೀರಾ ಸಣ್ಣದು. ಪೈಪ್ ಉದ್ದವಿದ್ದರೆ ಒಳಗಿನ ಗಾಳಿಯೇ ಆ ಏಟನ್ನು ನುಂಗುತ್ತದೆ. ಮೆತ್ತಗಿದ್ದರೆ ಪೈಪ್ ಉಬ್ಬಿ ನುಂಗುತ್ತದೆ. ಆದ್ದರಿಂದ ಪಲ್ಸ್ ಪೈಪ್ ಗಿಡ್ಡ ಇರಬೇಕು, ಗೋಡೆ ದಪ್ಪ ಇರಬೇಕು, ಸೂಜಿಮೊನೆಯಷ್ಟೂ ಬಿರುಕು ಇರಬಾರದು. ಪಂಪ್ ಕ್ರ್ಯಾಂಕ್‌ಕೇಸ್ ತೂತಿಗಿಂತ ಮೇಲಿರಲಿ. ಇಲ್ಲದಿದ್ದರೆ ಆಯಿಲ್ ಪೈಪಿನಲ್ಲಿ ನಿಂತು ಪಲ್ಸ್ ಕೊಲ್ಲುತ್ತದೆ.

ಪೆಟ್ರೋಲ್ ಮೇಲೇರದಿದ್ದರೆ ನನಗೆ ತುಂಬಾ ಇಷ್ಟವಾದ ಪರೀಕ್ಷೆ: ಮೆಡಿಕಲ್ ಶಾಪಿನ 10 ಎಂಎಲ್ ಸಿರಿಂಜ್. ಎಂಜಿನ್ ತಣ್ಣಗಿರಲಿ, ಹತ್ತಿರ ಬೆಂಕಿ ಬೇಡ. ಕಾರ್ಬ್ಯುರೇಟರಿಗೆ ಹೋಗುವ ಪೈಪನ್ನು ಬಿಚ್ಚಿ ಡಬ್ಬಿಯೊಳಗೆ ಇಡಿ. ಸಿರಿಂಜನ್ನು ಪಲ್ಸ್ ನಿಪ್ಪಲ್‌ಗೆ ಸಿಕ್ಕಿಸಿ ಮೆಲ್ಲಗೆ ಎಳೆದು ತಳ್ಳಿ. ಸ್ವಲ್ಪ ಹೊತ್ತಿಗೆ ಡಬ್ಬಿಗೆ ಪೆಟ್ರೋಲ್ ಬಿದ್ದರೆ ಪಂಪ್ ಸರಿ, ತಪ್ಪು ಪಲ್ಸ್ ಪೈಪಿನಲ್ಲೋ ಕಾರ್ಬ್ಯುರೇಟರಿನಲ್ಲೋ ಇದೆ. ಸಿರಿಂಜಿನೊಳಗೇ ಪೆಟ್ರೋಲ್ ಬಂದರೆ ಡಯಾಫ್ರಾಮ್ ಹರಿದಿದೆ. ಹಾಗೇ ಓಡಿಸಿದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಸೇರುತ್ತದೆ, ಡಿಪ್‌ಸ್ಟಿಕ್ ಮೂಸಿದರೆ ಗೊತ್ತಾಗುತ್ತದೆ. ಟ್ಯಾಂಕಿನ ಗಾಳಿತೂತನ್ನೂ ನೋಡಿ. ಅದು ಕಟ್ಟಿದ್ದರೆ ಎಂಥಾ ಪಂಪೂ ಸೋಲುತ್ತದೆ.

ಕಾರ್ಬ್ಯುರೇಟರ್: ಅದರ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ತುಂಬಿದಾಗ ತೇಲುವ ಫ್ಲೋಟಿನ ಸೂಜಿ ಪೆಟ್ರೋಲನ್ನು ತಡೆಯುತ್ತದೆ. ಈಗ ಅದು ಪಂಪಿನ ಒತ್ತಡವನ್ನೂ ತಡೆಯಬೇಕು. ಸೂಜಿ ಸವೆದಿದ್ದರೆ ಬೌಲ್ ಉಕ್ಕುತ್ತದೆ.

ಜೆಟ್, ಅಂದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ಬಗ್ಗೆ ಒಂದೇ ಮಾತು. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಮೇಲಿದೆ, ಅಲ್ಲಿ ಗಾಳಿಯ ಸಾಂದ್ರತೆ ಶೇ. 5ಕ್ಕಿಂತ ಜಾಸ್ತಿ ಕಡಿಮೆ. ಇಲ್ಲಿ ಹೊಂದಿಸಿದ ಮೇನ್ ಜೆಟ್ ದೇವಿಮನೆ ಘಟ್ಟ ಹತ್ತಿದರೆ ಮಿಶ್ರಣ ಸ್ವಲ್ಪ ರಿಚ್ (ಪೆಟ್ರೋಲ್ ಹೆಚ್ಚು) ಆಗುತ್ತದೆ, ಪ್ಲಗ್ ಕಪ್ಪಾಗಬಹುದು. ಅದಕ್ಕೆ ಹೆದರಬೇಕಿಲ್ಲ. ಆದರೆ ಶಿರಸಿಯಲ್ಲಿ ಹೊಂದಿಸಿ ಕರಾವಳಿಗೆ ಇಳಿಸಿದರೆ ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ) ಆಗುತ್ತದೆ, ಎಂಜಿನ್ ವಿಪರೀತ ಬಿಸಿಯಾಗುತ್ತದೆ. ಘಟ್ಟ ಇಳಿದ ಮೇಲೆ ಮೊದಲು ಪ್ಲಗ್ ನೋಡಿ. ಬೆಳ್ಳಗಿದ್ದರೆ ಒಂದು ಸೈಜ್ ದೊಡ್ಡ ಜೆಟ್ ಹಾಕಿ, ಆಮೇಲೆ ಫುಲ್ ಥ್ರಾಟಲ್ ಕೊಡಿ.