ಮುಟ್ಟಿದರೆ ಸ್ವರ, ಬಿಟ್ಟರೆ ಮೌನ

ವಿಶೇಷ ಶಿಕ್ಷಣದ ತರಗತಿಗೆ ಹೊಸ ಉಪಕರಣ ಬಂದೊಡನೆ ಶಿಕ್ಷಕರು ಕೇಳುವುದು, ‘ಇದರಲ್ಲಿ ಏನೇನು ಮಾಡಿಸಬಹುದು?’ ಅದಕ್ಕೂ ಮೊದಲು ನಾನು ಕೇಳುವ ಪ್ರಶ್ನೆ ಬೇರೆ: ಈ ಮಗು ತಾನಾಗಿಯೇ, ಹೆಚ್ಚು ದಣಿಯದೆ ಮಾಡಬಲ್ಲ ಚಲನೆ ಯಾವುದು? ಕೆಲವರು ಅಂಗೈ ಊರಬಲ್ಲರು, ಕೆಲವರು ಮೊಣಕೈ ಸರಿಸಬಲ್ಲರು, ಇನ್ನು ಕೆಲವರು ತಲೆಯನ್ನು ಒಂದು ಬದಿಗೆ ವಾಲಿಸಬಲ್ಲರು. ಸಂಗೀತ ನುಡಿಸಲು ಕೊಡುವ ವಾದ್ಯ ಆ ಚಲನೆ ಇರುವಲ್ಲಿಗೇ ಹೋಗಬೇಕು.

ಇದಕ್ಕೆ ನನಗೆ ಹಿಡಿಸಿರುವುದು ಮೇಕಿ ಮೇಕಿ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡ್. ಜೇ ಸಿಲ್ವರ್ ಮತ್ತು ಎರಿಕ್ ರೋಸೆನ್‌ಬಾಮ್ 2012ರಲ್ಲಿ ಹೊರತಂದ ಇದನ್ನು ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಜೋಡಿಸಿದರೆ, ಅದು ಇದನ್ನು ಕೀಬೋರ್ಡ್ ಎಂದೇ ತಿಳಿಯುತ್ತದೆ. ಒಂದು ತಂತಿ ಅಲ್ಯೂಮಿನಿಯಂ ಹಾಳೆಗೆ, ‘ಅರ್ತ್’ ಎಂಬ, ವಿದ್ಯುತ್ ಮರಳುವ ತಂತಿ ಮಗುವಿನ ಮುಂಗೈ ಪಟ್ಟಿಗೆ. ಹಾಳೆ ಮುಟ್ಟಿದಾಗ, ಅರಿವಿಗೇ ಬಾರದಷ್ಟು ಅಲ್ಪ ವಿದ್ಯುತ್ ಮೈಯ ಮೂಲಕ ಹರಿದು ಸರ್ಕ್ಯೂಟ್ ಪೂರ್ಣವಾಗುತ್ತದೆ; ಕೀಲಿ ಒತ್ತಿದಂತೆಯೇ ಆಗಿ ಕಂಪ್ಯೂಟರಿನ ಸಂಗೀತ ತಂತ್ರಾಂಶದಿಂದ ಸ್ವರ ಕೇಳುತ್ತದೆ. ಸುರಕ್ಷತೆಗಾಗಿ ಲ್ಯಾಪ್‌ಟಾಪನ್ನು ಚಾರ್ಜರ್‌ನಿಂದ ಬಿಡಿಸಿ ಬ್ಯಾಟರಿಯಲ್ಲೇ ನಡೆಸುವುದು ನನ್ನ ರೂಢಿ.

ನಿಜವಾದ ಸೊಗಸು ಇರುವುದು ಇಬ್ಬರು ಕೂಡಿದಾಗ. ಒಬ್ಬರಿಗೆ ಅರ್ತ್, ಇನ್ನೊಬ್ಬರಿಗೆ ಸ್ವರದ ತಂತಿ ಕೊಡಿ. ಇಬ್ಬರ ಅಂಗೈ ತಾಗಿದರೆ ಮಾತ್ರ ಸದ್ದು. ಸರದಿ ಕಾಯುವುದು, ಜೊತೆಗಾರರನ್ನು ಗಮನಿಸುವುದು ಇವನ್ನೆಲ್ಲ ಚಿತ್ರಪಟ ತೋರಿಸಿ ಕಲಿಸಲು ಎಷ್ಟು ಹೆಣಗುತ್ತೇವೆ! ಇಲ್ಲಿ ಸ್ವರ ಬೇಕೆಂಬ ಆಸೆಯೇ ಅದನ್ನು ಮಾಡಿಸುತ್ತದೆ. ಸ್ಪರ್ಶ ಸಹಿಸದ ಮಗುವಿಗೆ ಬಲವಂತ ಬೇಡ; ಹಾಳೆ ಸುತ್ತಿ ತಂತಿ ಸಿಕ್ಕಿಸಿದ ಎರಡು ಕೋಲುಗಳನ್ನು ತಾಗಿಸಿದರೂ ಆಯಿತು.

ಸ್ವರಗಳು ಐದೇ ಸಾಕು. ಮೋಹನ ರಾಗದ ಸ, ರಿ, ಗ, ಪ, ದ ಇಟ್ಟುಕೊಂಡರೆ ಯಾರು ಯಾವುದನ್ನು ಮುಟ್ಟಿದರೂ ಕರ್ಕಶವಾಗುವುದಿಲ್ಲ. ಸಂಯೋಜಕ ಕಾರ್ಲ್ ಆರ್ಫ್ ಅವರ ಸಂಗೀತ ಶಿಕ್ಷಣ ಪದ್ಧತಿಯಲ್ಲಿ ಮಕ್ಕಳ ಜೈಲೋಫೋನ್‌ನಿಂದ (ಕೋಲಿನಿಂದ ಬಡಿದು ನುಡಿಸುವ ಪಟ್ಟಿಗಳ ವಾದ್ಯ) ಬೇಡದ ಪಟ್ಟಿಗಳನ್ನು ತೆಗೆದಿಡುವುದೂ ಇದೇ ಕಾರಣಕ್ಕೆ.

ಬ್ಲೂಟೂತ್ ಸ್ಪೀಕರ್ ಬೇಡ, ತಂತಿಯದೇ ಇರಲಿ. ಮುಟ್ಟಿದ ಮೇಲೆ ಸದ್ದು ತುಸು ತಡವಾದರೂ, ಅದು ತನ್ನಿಂದಲೇ ಆದದ್ದು ಎಂಬುದು ಮಗುವಿಗೆ ಹೊಳೆಯದೆ ಹೋಗಬಹುದು. ಇನ್ನು ದೊಡ್ಡವರ ಅವಸರ. ‘ಒತ್ತು, ಒತ್ತು’ ಎನ್ನುತ್ತ ಮಗುವಿನ ಕೈ ಹಿಡಿದು ಒತ್ತಿಸಿದರೆ ನುಡಿಸಿದವರು ನಾವೇ ಆಗುತ್ತೇವೆ. ಸುಮ್ಮನೆ ಕಾಯಿರಿ, ಆ ಮೌನ ನಿಮಗೆ ಅಸಹನೀಯವೆನಿಸುವವರೆಗೂ ಕಾಯಿರಿ.

ಕೈ ತೆಗೆದೊಡನೆ ಸದ್ದು ನಿಲ್ಲುವಂತೆ ತಂತ್ರಾಂಶವನ್ನು ಹೊಂದಿಸುವುದು ಕಡ್ಡಾಯ. ಕಿವಿ ಮುಚ್ಚಿಕೊಳ್ಳುವ ಮಕ್ಕಳಿಗಂತೂ, ನಿಲ್ಲಿಸುವುದು ತನ್ನ ಕೈಯಲ್ಲೇ ಇದೆ ಎಂದು ಗೊತ್ತಾದ ಮೇಲೆಯೇ ನುಡಿಸುವ ಧೈರ್ಯ ಬರುವುದು.