ಮಾರುಕಟ್ಟೆ ಎಷ್ಟು ಮುಕ್ತ? ರ‍್ಯಾಂಕ್ ಪಟ್ಟಿಗಳ ಹಿಂದಿನ ಕಥೆ

ಜಗತ್ತಿನ ಅತ್ಯಂತ ಮುಕ್ತ ಆರ್ಥಿಕತೆಗಳ ಪಟ್ಟಿ ತೆಗೆದರೆ ಸಿಂಗಾಪುರ ಮೇಲಿನ ಸ್ಥಾನಗಳಲ್ಲೇ ಇರುತ್ತದೆ. ಆದರೆ ಅಲ್ಲಿನ ನಿವಾಸಿಗಳಲ್ಲಿ ಸುಮಾರು 80% ಜನ ಇರುವುದು ಸರ್ಕಾರ ಕಟ್ಟಿಸಿದ ಮನೆಗಳಲ್ಲಿ. ನೆಲದ ಬಹುಪಾಲೂ ಸರ್ಕಾರದ್ದೇ. ಡೆನ್ಮಾರ್ಕ್‌ನಲ್ಲಿ ತೆರಿಗೆ ಭಾರಿ ಜಾಸ್ತಿ, ಆದರೂ ಅದು ಮೇಲಿನ ಸಾಲಿನಲ್ಲೇ ಇದೆ. ಗೊಂದಲ ಆಗುವುದು ಸಹಜ ಅಲ್ವಾ?

ಎರಡನೇ ಮಹಾಯುದ್ಧದ ನಂತರ ನಾಲ್ಕು ದಶಕ ವಾದ ನಡೆದದ್ದು ಮಾರುಕಟ್ಟೆಯೋ, ಸರ್ಕಾರವೇ ಎಲ್ಲ ಯೋಜಿಸುವ ಆರ್ಥಿಕತೆಯೋ ಎಂದು. ಬರ್ಲಿನ್ ಗೋಡೆ ಬಿದ್ದ ಮೇಲೆ ‘ಮಾರುಕಟ್ಟೆ ಸರಿ, ಆದರೆ ಎಷ್ಟು ಮುಕ್ತ?’ ಎಂಬ ಪ್ರಶ್ನೆ ಮುಂದೆ ಬಂತು. 1995ರಲ್ಲಿ ಅಮೆರಿಕದ ಹೆರಿಟೇಜ್ ಫೌಂಡೇಶನ್, 1996ರಲ್ಲಿ ಕೆನಡಾದ ಫ್ರೇಜರ್ ಇನ್‌ಸ್ಟಿಟ್ಯೂಟ್ ಎಂಬ ಚಿಂತನ ಸಂಸ್ಥೆಗಳು ಆರ್ಥಿಕ ಸ್ವಾತಂತ್ರ್ಯ ಅಳೆಯುವ ತಮ್ಮ ಸೂಚ್ಯಂಕಗಳನ್ನು ಹೊರತಂದವು. ತೆರಿಗೆ, ಸುಂಕ, ಆಸ್ತಿ ಹಕ್ಕು, ಹಣದ ಮೌಲ್ಯ, ಎಲ್ಲವನ್ನೂ ಕೂಡಿಸಿ ಒಂದೇ ಅಂಕ ಕೊಟ್ಟವು. ಡೆನ್ಮಾರ್ಕ್ ತೆರಿಗೆಯಲ್ಲಿ ಕಳೆದುಕೊಂಡದ್ದನ್ನು ಗಟ್ಟಿ ನ್ಯಾಯಾಲಯ, ಲಂಚವಿಲ್ಲದ ಆಡಳಿತದಲ್ಲಿ ವಾಪಸ್ ಪಡೆಯುತ್ತದೆ. ಯಾವುದಕ್ಕೆ ಎಷ್ಟು ತೂಕ ಎಂದು ನಿರ್ಧರಿಸುವಾಗಲೇ ಅರ್ಧ ಉತ್ತರ ಬಂದುಬಿಟ್ಟಿರುತ್ತದೆ.

ನಿಜವಾದ ಪೈಪೋಟಿ ಶುರುವಾದದ್ದು 2003ರಲ್ಲಿ ವಿಶ್ವಬ್ಯಾಂಕ್, ವ್ಯಾಪಾರ ಮಾಡುವುದು ಎಷ್ಟು ಸುಲಭ ಎಂದು ಅಳೆಯುವ ‘ಡೂಯಿಂಗ್ ಬಿಸಿನೆಸ್’ ವರದಿ ತಂದ ಮೇಲೆ. ಅದರ ಲೆಕ್ಕದ ಒಂದು ಭಾಗ ಹೇಗಿತ್ತು ನೋಡಿ. ದೇಶದ ದೊಡ್ಡ ವ್ಯಾಪಾರಿ ನಗರದಲ್ಲಿ ಒಂದು ಕಂಪನಿ ಶುರುವಾಗುತ್ತಿದೆ ಎಂದು ಕಲ್ಪಿಸಿಕೊಳ್ಳುತ್ತಿದ್ದರು. ಎಷ್ಟು ಹಂತ ದಾಟಬೇಕು, ಎಷ್ಟು ದಿನ ಹಿಡಿಯುತ್ತದೆ, ಎಷ್ಟು ಖರ್ಚು, ಕನಿಷ್ಠ ಎಷ್ಟು ಬಂಡವಾಳ ತೋರಿಸಬೇಕು ಎಂದು ಅಲ್ಲಿನ ವಕೀಲರು, ಲೆಕ್ಕಪರಿಶೋಧಕರನ್ನು ಕೇಳುತ್ತಿದ್ದರು. ನ್ಯೂಜಿಲೆಂಡ್‌ನಲ್ಲಿ ಒಂದೇ ಹಂತ, ಅರ್ಧ ದಿನ. ಇದನ್ನು ನೋಡಿ ಎಷ್ಟೋ ದೇಶಗಳು ಸುಮ್ನೆ ಇಟ್ಟುಕೊಂಡಿದ್ದ ಪರವಾನಗಿಗಳನ್ನು ಕಿತ್ತುಹಾಕಿದವು. ಅದು ಒಳ್ಳೆಯದೇ ಆಯಿತು.

ಆದರೆ ಬರಬರುತ್ತಾ ರ‍್ಯಾಂಕೇ ಗುರಿಯಾಯಿತು. ಭಾರತ 2015ರ ವರದಿಯಲ್ಲಿ 142ನೇ ಸ್ಥಾನದಲ್ಲಿತ್ತು, 2020ರ ವರದಿಯಲ್ಲಿ 63ಕ್ಕೇರಿತು. ಅಳೆದದ್ದು ಮುಂಬೈ, ದೆಹಲಿ ಎರಡನ್ನೇ. ಉಳಿದ ಊರುಗಳ ಸಣ್ಣ ಉದ್ಯಮಿಯ ಪಾಡು ಆ ಲೆಕ್ಕಕ್ಕೆ ಸಿಗುತ್ತಲೇ ಇರಲಿಲ್ಲ. ಚಿಲಿಯ ಸ್ಥಾನ ಕೆಲವು ವರ್ಷ ಏರಿಳಿದದ್ದಕ್ಕೆ ಲೆಕ್ಕದ ವಿಧಾನ ಬದಲಾದದ್ದೇ ಹೆಚ್ಚಿನ ಕಾರಣ. ಅಲ್ಲಿನ ನಿಯಮಗಳು ಅಷ್ಟೇನೂ ಬದಲಾಗಿರಲಿಲ್ಲ. ಕಾರ್ಮಿಕರನ್ನು ತೆಗೆಯುವುದು ಸುಲಭವಾದಷ್ಟೂ ಹೆಚ್ಚು ಅಂಕ ಸಿಗುತ್ತಿದ್ದ ಕಾಲವೂ ಇತ್ತು. ಕಾರ್ಮಿಕ ಸಂಘಟನೆಗಳು ಪಟ್ಟುಹಿಡಿದ ಮೇಲೆ ಆ ಭಾಗವನ್ನು ರ‍್ಯಾಂಕ್‌ನಿಂದ ಹೊರಗಿಟ್ಟರು. ಮೊದಲೇ ಇಡಬೇಕಿತ್ತು. ದುಡಿಯುವವನ ಭದ್ರತೆಯನ್ನು ವ್ಯಾಪಾರಕ್ಕೆ ಅಡ್ಡಿ ಎಂದು ಎಣಿಸಿದರೆ ಆ ಅಂಕ ಯಾರ ಸ್ವಾತಂತ್ರ್ಯವನ್ನು ಅಳೆದಂತಾಯಿತು?

ಕೊನೆಗೆ 2018 ಮತ್ತು 2020ರ ವರದಿಗಳಲ್ಲಿ ಚೀನಾ, ಸೌದಿ ಅರೇಬಿಯಾ, ಯುಎಇ, ಅಜರ್‌ಬೈಜಾನ್‌ನ ಅಂಕಿಅಂಶಗಳಲ್ಲಿ ನಿಯಮಕ್ಕೆ ಹೊಂದದ ಬದಲಾವಣೆಗಳು ಕಂಡುಬಂದವು. 2021ರ ಸೆಪ್ಟೆಂಬರ್‌ನಲ್ಲಿ ವಿಶ್ವಬ್ಯಾಂಕ್ ವರದಿಯನ್ನೇ ನಿಲ್ಲಿಸಿತು.

ಅದೇ ವರ್ಷ ಹೆರಿಟೇಜ್ ತನ್ನ ಪಟ್ಟಿಯಿಂದ ಹಾಂಕಾಂಗ್ ಅನ್ನು ಕೈಬಿಟ್ಟಿತು. ನೀತಿ ನಿರ್ಧಾರವೆಲ್ಲ ಬೀಜಿಂಗ್ ಕೈಯಲ್ಲಿದೆ ಎಂಬುದು ಅದರ ಕಾರಣ. ಫ್ರೇಜರ್‌ನ 2024ರ ವರದಿಯಲ್ಲಿ ಮಾತ್ರ ಹಾಂಕಾಂಗ್‌ಗೇ ಮೊದಲ ಸ್ಥಾನ.

2024ರ ಅಕ್ಟೋಬರ್‌ನಲ್ಲಿ ವಿಶ್ವಬ್ಯಾಂಕ್ ‘ಬಿಸಿನೆಸ್ ರೆಡಿ’ ಎಂಬ ಹೊಸ ವರದಿಯನ್ನು 50 ಆರ್ಥಿಕತೆಗಳಿಂದ ಶುರು ಮಾಡಿತು. ಕಾನೂನು ಹೇಗಿದೆ, ಸರ್ಕಾರಿ ಸೇವೆ ಹೇಗಿದೆ, ಕೆಲಸ ನಿಜಕ್ಕೂ ಎಷ್ಟು ಸಲೀಸಾಗಿ ಆಗುತ್ತದೆ ಎಂದು ಮೂರು ಬೇರೆ ಬೇರೆ ಅಂಕ ಕೊಡುತ್ತದೆ. ಕಾರ್ಮಿಕರ ರಕ್ಷಣೆಗೂ ಅದರಲ್ಲಿ ಜಾಗವಿದೆ. ಎಲ್ಲ ಸೇರಿಸಿ ಒಂದೇ ರ‍್ಯಾಂಕ್ ಕೊಡುವ ಪದ್ಧತಿಯನ್ನು ಆ ಮೊದಲ ವರದಿಯಲ್ಲಿ ಕೈಬಿಟ್ಟಿದೆ.