ಲಿಫ್ಟ್ ಕಿಟ್ ಹಾಕಿಸಿದ ಮೇಲೆ ಬುಷ್ ಏಕೆ ಹರಿಯುತ್ತದೆ

ಮಾರುತಿ ಜಿಮ್ನಿಗೆ ಎರಡಿಂಚಿನ ಲಿಫ್ಟ್ ಕಿಟ್ (ಗಾಡಿಯನ್ನು ಎತ್ತರಿಸುವ ಸ್ಪ್ರಿಂಗ್ ಮುಂತಾದ ಭಾಗಗಳು) ಹಾಕಿಸಿ ಆರೇಳು ತಿಂಗಳಾಗಿರುತ್ತದೆ. ಹಳ್ಳದಿಣ್ಣೆಯಲ್ಲಿ ಅಡಿಯಿಂದ ‘ಟೊಕ್’ ಅಂತ ಸದ್ದು, ಬ್ರೇಕ್ ಒತ್ತಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಬಿಚ್ಚಿ ನೋಡಿದರೆ, ಆಕ್ಸಲ್ಲನ್ನು ಚಾಸಿಗೆ ಜೋಡಿಸುವ ಕಬ್ಬಿಣದ ತೋಳಿನ ತುದಿಯಲ್ಲಿರುವ ಬುಷ್‌ನ ರಬ್ಬರು ಓರೆಯಾಗಿ ಸೀಳಿದೆ. ಮಾಲೀಕರು ಕಿಟ್ ಮಾರಿದವರನ್ನು ಬೈಯುತ್ತಾರೆ, ಮೆಕ್ಯಾನಿಕ್ಕು ಬುಷ್ ಡೂಪ್ಲಿಕೇಟ್ ಅನ್ನುತ್ತಾರೆ. ಬಹುಪಾಲು ಸಲ ಎರಡೂ ಅಲ್ಲ. ಗಾಡಿ ರ‍್ಯಾಂಪಿನ ಮೇಲೆ ಚಕ್ರ ಇಳಿಬಿಟ್ಟುಕೊಂಡು ನಿಂತಿದ್ದಾಗಲೇ ಬೋಲ್ಟುಗಳನ್ನು ಪೂರ್ತಿ ಬಿಗಿ ಮಾಡಿರುತ್ತಾರೆ. ಇಲ್ಲವೇ ಸ್ಪ್ರಿಂಗ್ ಮಾತ್ರ ಬದಲಾಯಿಸಿ, ತೋಳಿನ ಬೋಲ್ಟುಗಳನ್ನು ಮುಟ್ಟಿಯೇ ಇರುವುದಿಲ್ಲ.

ಕಂಪನಿಯ ಬುಷ್‌ನಲ್ಲಿ ರಬ್ಬರು ಒಳಗಿನ ಕಬ್ಬಿಣದ ಕೊಳವೆಗೂ ಹೊರಗಿನ ಬಳೆಗೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿಯಾದೊಡನೆ ಒಳಕೊಳವೆ ಬ್ರಾಕೆಟ್ಟಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಅದು ತಿರುಗುವುದಿಲ್ಲ. ತೋಳು ಮೇಲೆ ಕೆಳಗೆ ಆಡುವಾಗ ತಿರುಚಿಕೊಳ್ಳುವುದು ರಬ್ಬರು ಮಾತ್ರ. ಬಿಗಿ ಮಾಡಿದ ಕ್ಷಣದಲ್ಲಿ ತೋಳು ಯಾವ ಕೋನದಲ್ಲಿತ್ತೋ ಅದೇ ಆ ರಬ್ಬರಿನ ವಿಶ್ರಾಂತಿಯ ಸ್ಥಿತಿ. ಜನ ಇದನ್ನು ಬೇರಿಂಗಿನ ಹಾಗೆ ಸುತ್ತುವ ವಸ್ತು ಎಂದುಕೊಂಡಿದ್ದಾರೆ, ಎಡವಟ್ಟೆಲ್ಲ ಅಲ್ಲಿಂದಲೇ.

ಲೆಕ್ಕ ಹಾಕಿ ನೋಡಿ. ತೋಳಿನ ಉದ್ದ 500 ಮಿ.ಮೀ. ಎಂದಿಟ್ಟುಕೊಳ್ಳೋಣ. ಚಕ್ರ ನೇತಾಡುವಾಗ ಅದು ತನ್ನ ನಿಲುವಿನ ಎತ್ತರಕ್ಕಿಂತ 100 ಮಿ.ಮೀ. ಕೆಳಗಿದ್ದರೆ, ಆಗ ಬಿಗಿ ಮಾಡಿದ ಬುಷ್ ಗಾಡಿ ನೆಲಕ್ಕಿಳಿದ ಕೂಡಲೇ ಸುಮಾರು 11 ಡಿಗ್ರಿ ತಿರುಚಿಕೊಳ್ಳುತ್ತದೆ. ಮನೆ ಮುಂದೆ ಸುಮ್ಮನೆ ನಿಂತಿದ್ದರೂ ಅಷ್ಟು ತಿರುಚು ಇದ್ದೇ ಇರುತ್ತದೆ, ಬಟ್ಟೆ ಹಿಂಡಿ ಬಿಚ್ಚದೆ ಹಾಗೇ ಕಟ್ಟಿಟ್ಟಂತೆ. ಗುಂಡಿಗೆ ಬಿದ್ದು ಚಕ್ರ ಇನ್ನೂ 80 ಮಿ.ಮೀ. ಮೇಲೆದ್ದರೆ ಒಟ್ಟು 21 ಡಿಗ್ರಿ. ಬೋಲ್ಟ್ ಸಡಿಲಿಸದೆ 50 ಮಿ.ಮೀ. ಎತ್ತಿದವರ ಕಥೆ ಇದರ ಉಲ್ಟಾ: ಆರು ಡಿಗ್ರಿಯಷ್ಟು ತಿರುಚು ಎದುರು ದಿಕ್ಕಿಗೆ, ಅದೂ ಹಗಲೂ ರಾತ್ರಿ. ತಿರುಚಿದ ರಬ್ಬರು ತಾನೇ ಒಂದು ಸ್ಪ್ರಿಂಗಿನ ಕೆಲಸವನ್ನೂ ಮಾಡುತ್ತದೆ. ನೇತಾಡುವಾಗ ಬಿಗಿ ಮಾಡಿದ ಗಾಡಿ ಮೊದಮೊದಲು ತುಸು ಹೆಚ್ಚೇ ಎತ್ತರ ನಿಂತು, ರಬ್ಬರು ಸೋತಂತೆ ಇಳಿಯುತ್ತದೆ. ‘ಹೊಸ ಸ್ಪ್ರಿಂಗ್ ಕೂತುಬಿಟ್ಟಿತು’ ಎಂಬ ದೂರುಗಳಲ್ಲಿ ಒಂದಷ್ಟು ಇದರಿಂದಲೇ ಬರುತ್ತವೆ.

ಸರಿಯಾದ ಕೆಲಸ ಕಷ್ಟದ್ದೇನಲ್ಲ. ಬಿಚ್ಚುವ ಮೊದಲು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ನಾಲ್ಕೂ ಕಡೆ ಹಬ್‌ನ ನಡುವಿನಿಂದ ಚಕ್ರದ ಮೇಲಿನ ಫೆಂಡರ್ ಅಂಚಿನವರೆಗೆ ಅಳೆದು ಬರೆದಿಡಿ. ಕಿಟ್ ಕೂರಿಸುವಾಗ ತೋಳು ಮತ್ತು, ಆಕ್ಸಲ್ ಅಕ್ಕಪಕ್ಕ ಸರಿಯದಂತೆ ಹಿಡಿಯುವ ಪ್ಯಾನಾರ್ಡ್ ರಾಡ್‌ಗಳ ಎರಡೂ ತುದಿಯ ಬೋಲ್ಟುಗಳನ್ನು ಸಡಿಲಿಸಿ. ಹಳೇ ಗಾಡಿಯಲ್ಲಿ ಒಳಕೊಳವೆ ತುಕ್ಕಿನಿಂದ ಬ್ರಾಕೆಟ್ಟಿಗೆ ಹಿಡಿದುಕೊಂಡಿದ್ದರೆ ನಟ್ ಸಡಿಲಿಸಿದ್ದು ಲೆಕ್ಕಕ್ಕಿಲ್ಲ, ಕೊಳವೆ ಬಿಟ್ಟುಕೊಂಡಿದೆಯೇ ನೋಡಬೇಕು. ಎಲ್ಲ ಸೇರಿದ ಮೇಲೆ ನಟ್‌ಗಳನ್ನು ಆಟ ಹೋಗುವಷ್ಟೇ ಹಿಡಿಸಿ ಗಾಡಿಯನ್ನು ನೆಲಕ್ಕಿಳಿಸಿ. ನಾಲ್ಕಾರು ಅಡಿ ಹಿಂದೆ ಮುಂದೆ ತಳ್ಳಿ, ಬಂಪರ್ ಒತ್ತಿ ಕುಣಿಸಿ, ಸದಾ ಹೊರುವ ಸಾಮಾನು ಒಳಗಿಟ್ಟು, ಚಕ್ರದ ಮೇಲೆ ನಿಂತಿರುವಾಗಲೇ ಟಾರ್ಕ್ ರೆಂಚ್ ಹಾಕಿ. ಎಷ್ಟು ಬಿಗಿ ಎಂಬುದು ಆಯಾ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ, ಅಂದಾಜು ಬೇಡ. ಎರಡು ಕಂಬದ ಲಿಫ್ಟ್ ಮಾತ್ರ ಇದ್ದರೆ, ಆಕ್ಸಲ್ ಅಡಿಗೆ ಜ್ಯಾಕ್ ಕೊಟ್ಟು, ಹಬ್-ಫೆಂಡರ್ ಅಳತೆ ಹೊಸ ನಿಲುವಿಗೆ ಬರುವಷ್ಟು ಎತ್ತಿ ಬಿಗಿ ಮಾಡಿ.

ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಇದಾದ ಮೇಲೆ, ಮೊದಲಲ್ಲ. ಎಲ್ಲ ಸರಿ ಎಂದು ಅಲ್ಲಿ ಕೊಡುವ ಹಸಿರು ಬಣ್ಣದ ಪ್ರಿಂಟ್ ನೋಡಿ ಸಮಾಧಾನಪಡುವವರಿಗೆ ಒಂದು ಮಾತು. ಜಿಮ್ನಿಯಂಥ ಇಡೀ ಆಕ್ಸಲ್‌ನ ಗಾಡಿಯಲ್ಲಿ ಟೋ (ಮೇಲಿಂದ ನೋಡಿದಾಗ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಲಿಫ್ಟಿನಿಂದ ಹೆಚ್ಚೇನೂ ಕದಲುವುದಿಲ್ಲ, ಏಕೆಂದರೆ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡ್ ಆಕ್ಸಲ್ ಜೊತೆಗೇ ಇರುತ್ತದೆ. ಕೆಡುವುದು ಕ್ಯಾಸ್ಟರ್, ಅಂದರೆ ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಅಕ್ಷ ಪಕ್ಕದಿಂದ ನೋಡಿದರೆ ಹಿಂದಕ್ಕೆ ವಾಲಿರುವ ಕೋನ. ಮುಂದಿನ ತೋಳು ಎರಡು ಬುಷ್‌ಗಳಲ್ಲಿ ಆಕ್ಸಲ್ಲನ್ನು ಹಿಡಿದಿರುವುದರಿಂದ ತೋಳು ಎಷ್ಟು ವಾಲಿತೋ ಹೆಚ್ಚುಕಡಿಮೆ ಅಷ್ಟು ಕ್ಯಾಸ್ಟರ್ ಹೋಗುತ್ತದೆ: 800 ಮಿ.ಮೀ. ತೋಳಿಗೆ 50 ಮಿ.ಮೀ. ಲಿಫ್ಟ್ ಎಂದರೆ ಮೂರೂವರೆ ಡಿಗ್ರಿ. ತಿರುವಿನ ಬಳಿಕ ಸ್ಟಿಯರಿಂಗ್ ತಾನಾಗಿ ಮರಳದು, ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆಯುತ್ತದೆ. ಅಲೈನ್‌ಮೆಂಟ್ ಅಂಗಡಿಯವರು ಇದನ್ನು ತಿದ್ದಲು ಗಾಡಿಯಲ್ಲಿ ಸ್ಕ್ರೂ ಇಲ್ಲ. ಸ್ಟಿಯರಿಂಗ್ ನಡುಕ ತಗ್ಗಿಸುವ ಡ್ಯಾಂಪರ್ ಬದಲಿಸುವುದು ದುಡ್ಡು ದಂಡ.

ಕ್ಯಾಸ್ಟರ್ ತಿದ್ದಲು ರಂಧ್ರ ಪಕ್ಕಕ್ಕಿರುವ ಬುಷ್ ಅಗ್ಗದ ದಾರಿ. ಆದರೆ ಅದರಲ್ಲಿ ಒಂದು ಬದಿಗೆ ರಬ್ಬರು ತೆಳುವಾಗಿರುತ್ತದೆ. ಒಂದು ಚಕ್ರ ಬಂಡೆ ಹತ್ತಿ ಇನ್ನೊಂದು ಗುಂಡಿಗಿಳಿದಾಗ ಆಕ್ಸಲ್ ವಾಲಲು ಜಾಗ ಕೊಡುವುದು ಈ ಬುಷ್‌ಗಳ ಮೆತುವೇ ಆದ್ದರಿಂದ ತೆಳುವಾದ ಬದಿಯೇ ಮೊದಲು ಹರಿಯುತ್ತದೆ. ಗಟ್ಟಿ ಪಾಲಿಯುರೆಥೇನ್ ಹಾಕಿದರೆ ಬುಷ್ ಉಳಿದೀತು, ಆ ಹೊರೆ ಬ್ರಾಕೆಟ್ಟಿನ ವೆಲ್ಡಿಂಗ್ ಮೇಲೆ ಬೀಳಬಹುದು. ಸಕಲೇಶಪುರದ ಕಡೆ ವಾರವಾರ ಕಾಡು ದಾರಿ ಹತ್ತುವವರಿಗೆ ಕೋನ ತಿದ್ದಿದ ತೋಳು ಅಥವಾ ತೋಳಿನ ತುದಿಯನ್ನು ಕೆಳಗಿಳಿಸುವ ಡ್ರಾಪ್ ಬ್ರಾಕೆಟ್ಟೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಪ್ಯಾನಾರ್ಡ್ ರಾಡ್ ಆಕ್ಸಲ್ಲನ್ನು ಪಕ್ಕಕ್ಕೆ ಎಳೆಯುತ್ತದೆ. 900 ಮಿ.ಮೀ. ರಾಡಿನ ತುದಿಗಳ ಎತ್ತರದ ಅಂತರ 50ರಿಂದ 100 ಮಿ.ಮೀ.ಗೆ ಹೋದರೆ ಆಕ್ಸಲ್ ನಾಲ್ಕು ಮಿ.ಮೀ. ಸರಿಯುತ್ತದೆ, ಎಡಬಲ ಟೈರು ಹೊರಚಾಚುವುದರಲ್ಲಿ ಎಂಟರ ವ್ಯತ್ಯಾಸ. ಉದ್ದ ಹೊಂದಿಸುವ ರಾಡ್ ಹಾಕಿದರೆ ಮುಗಿಯಿತು.

2020ರ ಥಾರ್‌ನ ಮುಂಭಾಗ ಬೇರೆಯೇ: ಸ್ವತಂತ್ರ ಸಸ್ಪೆನ್ಷನ್ (ಎರಡು ಚಕ್ರ ಬೇರೆಬೇರೆಯಾಗಿ ಆಡುತ್ತವೆ), ಲಿಫ್ಟಿಗೆ ಟೋ, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲು) ಎರಡೂ ಕದಲುತ್ತವೆ. ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಜೋಡಿ) ಕೆಳತೋಳಿನ ನಡುವೆ ಕೂತಿರುವುದರಿಂದ ಅದರ ಮೇಲಿಡುವ 25 ಮಿ.ಮೀ. ಸ್ಪೇಸರ್ ಗಾಡಿಯನ್ನು ಅದಕ್ಕಿಂತ ಹೆಚ್ಚು ಎತ್ತುತ್ತದೆ. ಬಾಲ್ ಜಾಯಿಂಟೂ ಡ್ರೈವ್ ಶಾಫ್ಟೂ ತಮ್ಮ ಮಿತಿಗೆ ಹತ್ತಿರವಾಗುತ್ತವೆ. ಬುಷ್ ನಿಯಮ ಇಲ್ಲಿಯೂ ಅದೇ, ಜ್ಯಾಕ್ ಮಾತ್ರ ಕೆಳತೋಳಿನ ಹೊರತುದಿಗೆ. ಯಾವ ಗಾಡಿಯೇ ಆಗಲಿ, ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮಾರ್ಪಾಡಿಗೆ ಮಿತಿ ಹಾಕಿದೆ. ವಿಮೆಯವರೂ ಕೇಳಬಹುದು, ಮೊದಲೇ ವಿಚಾರಿಸಿಕೊಳ್ಳಿ.

ಬಿಗಿಯಾದ ಮೇಲೆ ನಟ್ಟಿನಿಂದ ಬ್ರಾಕೆಟ್ಟಿನವರೆಗೆ ಪೇಂಟ್ ಮಾರ್ಕರಿನ ಒಂದು ಗೆರೆ ಎಳೆಯಿರಿ. 500 ಕಿ.ಮೀ. ಓಡಿದ ಮೇಲೆ ಗೆರೆ ಮುರಿದಿದ್ದರೆ ನಟ್ ಸಡಿಲವಾಗಿದೆ. ಆಗಲೂ ಚಕ್ರ ನೆಲದ ಮೇಲಿಟ್ಟೇ ಬಿಗಿ ಮಾಡಿ.